ಡಾಕ್ಟರಿಗೆ ತಿಳಿಸ್ತೀನಿ ಅಂದ್ರೆ ಹತ್ತು ರೂಪಾಯಿ

ಬೆಂಗಳೂರಿನ ತಾವರೆಕೆರೆಯ ಆ ಮನೆಯಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ಒಂದು ಹಾರ್ಲಿಕ್ಸ್ ಬಾಟಲಿ. ಮುಚ್ಚಳಕ್ಕೆ ಹುಂಡಿಯ ಹಾಗೆ ಸೀಳು ಕೊರೆದಿತ್ತು. ಮೈಮೇಲೆ ಆಸ್ಪತ್ರೆಯ ಬಿಳಿ ಪ್ಲಾಸ್ಟರು, ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಡಾ. ತಿ. ನಿಧಿ’. ಹತ್ತರ ನೋಟುಗಳು, ನಾಣ್ಯಗಳು ಸೇರಿ ಅರ್ಧಕ್ಕೆ ಬಂದಿದ್ದವು. ‘ಯಾವ ದೇವರದೇ ಇದು?’ ಅಂತ ಕೇಳಿದೆ. ಅಕ್ಕನ ಮಗಳು ನಕ್ಕಳು. ‘ದೇವರದಲ್ಲ ಚಿಕ್ಕಮ್ಮ, ಡಾಕ್ಟರಿಗೆ ತಿಳಿಸ್ತೀನಿ ನಿಧಿ.’

ನಾನು ಹೋಗಿದ್ದು ತಿಪಟೂರಿನಿಂದ ಅಕ್ಕ ಕಳಿಸಿದ್ದ ಕೋಡುಬಳೆ ಡಬ್ಬ ಕೊಟ್ಟು ಬರಲಿಕ್ಕೆ. ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಹತ್ತು ನಿಮಿಷದಲ್ಲಿ ಹೊರಡುವುದು ಅಂದುಕೊಂಡವಳು ಮಧ್ಯಾಹ್ನ ಎರಡರವರೆಗೂ ಏಳಲಿಲ್ಲ. ಐದು ಜನ ಸ್ಟಾಫ್ ನರ್ಸುಗಳು, ಅವರಲ್ಲಿ ಮೂವರು ನೈಟ್ ಡ್ಯೂಟಿ ಮುಗಿಸಿ ನೇರವಾಗಿ ಬಂದವರು. ನಿದ್ದೆ ಬಿಟ್ಟು ಚಾಪೆಯ ಮೇಲೆ ಕುಳಿತು ಜಗಳವಾಡುತ್ತಿದ್ದರು. ಜಗಳ ಅನ್ನುವ ಮಾತು ಬಾಯಿ ತಪ್ಪಿ ಬಂದದ್ದಲ್ಲ. ಎದುರು ಮನೆಯ ಅಜ್ಜಿ ಒಮ್ಮೆ ಬಾಗಿಲಿಗೆ ಬಂದು ನೋಡಿಕೊಂಡು ಹೋದರು.

ಅವರು ಓದುತ್ತಿರುವುದು ಎನ್‌ಕ್ಲೆಕ್ಸ್‌ಗೆ. ಅಮೆರಿಕದಲ್ಲಿ ನರ್ಸಾಗಿ ಕೆಲಸ ಮಾಡಲು ಪರವಾನಗಿ ಬೇಕಾದರೆ ಬರೆಯಲೇಬೇಕಾದ ಪರೀಕ್ಷೆ. 2015ರಿಂದ ಕೆನಡಾದ ಬಹುಪಾಲು ಪ್ರಾಂತ್ಯಗಳೂ, 2020ರಿಂದ ಹೊರದೇಶದಲ್ಲಿ ಓದಿದ ಹಲವು ನರ್ಸುಗಳಿಗಾಗಿ ಆಸ್ಟ್ರೇಲಿಯವೂ ಇದನ್ನೇ ಹಿಡಿದಿವೆ. ಮನೆಗೊಬ್ಬರು ನರ್ಸಿಂಗ್ ಓದಿದವರಿರುವ ಊರುಗಳಲ್ಲಿ ಇದರ ಹೆಸರು ಗೊತ್ತಿಲ್ಲದವರಿಲ್ಲ. ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅದನ್ನು ಓದುವ ಬಗೆ.

ಒಬ್ಬಳು ಪ್ರಶ್ನೆ ಓದಿದಳು. ಬೆಳಗಿನ ಪಾಳಿಗೆ ಬಂದಿದ್ದೀಯ, ಹ್ಯಾಂಡೋವರ್ ಮುಗಿದಿದೆ, ನಾಲ್ವರು ರೋಗಿಗಳು. ಅಪೆಂಡಿಕ್ಸ್ ಆಪರೇಷನ್ ಆಗಿ ಎರಡನೇ ದಿನ, ನೋವು ಹತ್ತಕ್ಕೆ ಏಳು ಅನ್ನುತ್ತಿರುವವರು ಒಬ್ಬರು. ಸಕ್ಕರೆ 250 ಇದ್ದು ತಿಂಡಿಗೆ ಕಾಯುತ್ತಿರುವವರು ಇನ್ನೊಬ್ಬರು. ಒಂದು ಗಂಟೆಯ ಹಿಂದೆ ಎದೆ ಜೋರಾಗಿ ಸುಯ್ಯೆನ್ನುತ್ತಿದ್ದು ಈಗ ಸುಮ್ಮನಾಗಿರುವ ಆಸ್ತಮಾದವರು ಮೂರನೆಯವರು. ಮನೆಗೆ ಕಳಿಸಿ ಎಂದು ಕೂಗಾಡುತ್ತಿರುವವರು ನಾಲ್ಕನೆಯವರು. ಮೊದಲು ಯಾರ ಹತ್ತಿರ ಹೋಗುತ್ತೀಯ?

ನಾನು ಮನಸ್ಸಿನಲ್ಲೇ ಕೂಗಾಡುವವರ ಹತ್ತಿರ ಹೋದೆ. ಪತ್ರಕರ್ತೆಯ ಅಭ್ಯಾಸ. ಕೋಟ್ಟಯಂ ಕಡೆಯ ಹುಡುಗಿ ನೋವಿನವರು ಅಂದಳು. ಲೇಬರ್ ವಾರ್ಡಿನವಳು, ನೋವು ಅಂದರೆ ಎದ್ದು ಓಡಿ ರೂಢಿ. ಸೇಡಂ ಕಡೆಯ ಬ್ರದರ್ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದವನು ಹಾಗೇ ಹೇಳಿದ: ‘ಆಸ್ತಮಾದವ. ಸದ್ದು ನಿಂತದ ಅಂದ್ರ ಆರಾಮ ಆಗ್ಯಾನ ಅಂತಲ್ಲ. ಗಾಳಿನೇ ಒಳಗ ಹೊಂಟಿಲ್ಲ ಅಂತ.’ ಶ್ವಾಸನಾಳ ಪೂರ್ತಿ ಬಿಗಿದಾಗ ಸುಯ್ಲಿಡಲಿಕ್ಕೂ ಗಾಳಿ ಇರುವುದಿಲ್ಲ, ಎದೆ ಮೌನವಾಗುತ್ತದೆ. ಎಮರ್ಜೆನ್ಸಿಯಲ್ಲಿ ಅವನು ಅದನ್ನು ಒಮ್ಮೆ ಕಂಡಿದ್ದಾನೆ. ರಾತ್ರಿ ಮೂರಕ್ಕೆ, ರೋಗಿಯ ಕಡೆಯವರು ‘ಈಗ ನಿದ್ದೆ ಹತ್ತಿತು, ಎಬ್ಬಿಸಬೇಡಿ’ ಅಂದಿದ್ದರಂತೆ. ಅವನು ಅಷ್ಟು ಹೇಳಿ ನಿಲ್ಲಿಸಿದ. ಮುಂದೇನಾಯಿತು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೋಟ್ಟಯಂ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಮಲಯಾಳಂನಲ್ಲಿ ಏನೋ ಬರೆದು ಎರಡು ಗೆರೆ ಎಳೆದಳು. ಈ ಜನ್ಮದಲ್ಲಿ ಅವಳು ಇದನ್ನು ಮರೆಯಲಾರಳು ಅನ್ನಿಸಿತು. ಕೋಚಿಂಗ್ ಸೆಂಟರಿನ ಹಳದಿ ಹೈಲೈಟರಿಗೆ ಈ ಶಕ್ತಿ ಇದೆಯೆಂದು ನಾನಂತೂ ನಂಬುವುದಿಲ್ಲ.

ಇನ್ನು ಬಾಟಲಿಯ ಕಥೆ. ನಮ್ಮ ವಾರ್ಡುಗಳಲ್ಲಿ ನರ್ಸ್ ಕಲಿಯುವ ಮೊದಲ ರಕ್ಷಾಮಂತ್ರ ‘ಡ್ಯೂಟಿ ಡಾಕ್ಟರಿಗೆ ತಿಳಿಸಿದೆ’. ಕೇಸ್ ಶೀಟಿನಲ್ಲಿ ಅದೊಂದು ಸಾಲು, ಪಕ್ಕದಲ್ಲಿ ಹೊತ್ತು ಬರೆದರೆ ನಾಳೆ ಯಾರೂ ಬೆರಳು ತೋರಿಸುವಂತಿಲ್ಲ. ತಾನೇ ನೋಡಿ, ತಾನೇ ಯೋಚಿಸಿ, ಮೊದಲ ಹೆಜ್ಜೆ ತಾನೇ ಇಟ್ಟ ನರ್ಸಿಗೆ ಇನ್‌ಚಾರ್ಜ್ ಸಿಸ್ಟರಿಂದ ಬೈಗುಳ ಸಿಗುವುದೇ ಹೆಚ್ಚು. ಎನ್‌ಕ್ಲೆಕ್ಸ್ ಇದನ್ನು ತಲೆಕೆಳಗು ಮಾಡುತ್ತದೆ. ರೋಗಿ ಏದುಸಿರು ಬಿಡುತ್ತಿದ್ದಾನೆ, ನೀನೇನು ಮಾಡುತ್ತೀಯ? ಮಂಚದ ತಲೆ ಕಡೆ ಎತ್ತು, ಆಕ್ಸಿಜನ್ ನೋಡು, ಎದೆ ಕೇಳು, ಆಮೇಲೆ ಫೋನು. ನಾಲ್ಕು ಉತ್ತರಗಳಲ್ಲಿ ‘ವೈದ್ಯರಿಗೆ ತಿಳಿಸು’ ಅನ್ನುವುದು ಬಹಳ ಸಲ ಬಲೆಯೊಳಗಿನ ಕಾಳು. ನಮ್ಮವರು ಕಣ್ಣು ಮುಚ್ಚಿ ಅದನ್ನೇ ಆರಿಸುತ್ತಾರೆ. ಅದಕ್ಕೇ ಈ ದಂಡ.

ಬಹಳ ಸಲ ಅಂದೆ, ಯಾವಾಗಲೂ ಅಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿದವನಿಗೆ ನೋವಿನ ಔಷಧಿ ಕೊಟ್ಟರೂ ನೋವು ಏರುತ್ತಿದೆ, ಬೆರಳು ತಣ್ಣಗಾಗಿ ಜುಮ್ಮೆನ್ನುತ್ತಿದೆ, ನಾಡಿ ಸಿಗುತ್ತಿಲ್ಲ ಎಂಬ ಪ್ರಶ್ನೆಗೆ ಬ್ರದರ್ ‘ಡಾಕ್ಟರಿಗೆ ಹೇಳ್ತೀನಿ’ ಅಂದ. ನಾಲ್ಕು ಕೈಗಳು ಒಟ್ಟಿಗೆ ಬಾಟಲಿ ತೋರಿಸಿದವು. ಅವನು ಬಿಡಲಿಲ್ಲ. ನೋಡುವುದೆಲ್ಲ ನೋಡಿಯಾಗಿದೆ, ನರ್ಸ್ ಕೈಯಲ್ಲಿ ಇನ್ನೇನೂ ಉಳಿದಿಲ್ಲ, ತಡ ಮಾಡಿದರೆ ಕಾಲೇ ಹೋಗುತ್ತದೆ, ಇಲ್ಲಿ ಸರಿಯುತ್ತರ ಫೋನೇ. ಹತ್ತು ನಿಮಿಷದ ವಾದದ ನಂತರ ಬಾಟಲಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ ಹಿಂದಿನ ವಾರ ಕಟ್ಟಿದ್ದ ಹತ್ತು ರೂಪಾಯಿಯನ್ನೂ ಸೇರಿಸಿ ವಾಪಸ್ ಪಡೆದ. ಇವರ ಗುಂಪಿಗಿರುವ ಕಾಯ್ದೆ ಒಂದೇ: ಉತ್ತರ ಯಾರು ಬೇಕಾದರೂ ಹೇಳಬಹುದು, ‘ಯಾಕೆ’ ಹೇಳದೆ ಮುಂದಿನ ಪ್ರಶ್ನೆಗೆ ಹೋಗುವಂತಿಲ್ಲ. ಉಳಿದ ಮೂರು ಉತ್ತರ ಯಾಕೆ ತಪ್ಪು ಅನ್ನುವುದೂ ಬರಬೇಕು. ಗಂಟೆಗೆ ಎಂಟು ಪ್ರಶ್ನೆ ಮುಗಿದರೆ ದೊಡ್ಡದು.

ಇದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಗೆದ್ದರು. ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಗೆದ್ದರು. ನಮ್ಮ ಮಗ್ಗಿಯ ಮೇಷ್ಟರಿಗೆ ಇದು ಪ್ರಯೋಗವಿಲ್ಲದೆಯೇ ಗೊತ್ತಿತ್ತು ಅನ್ನಿ.

ಗೋಡೆಯ ಮೇಲೆ ಹಳೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನು ಮುಂದಾಗಿ ಅಂಟಿಸಿದ್ದರು. ಒಂದರಲ್ಲಿ ಔಷಧಿಗಳ ಎರಡು ಹೆಸರು. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಾಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್, ಅಡ್ರಿನಲಿನ್ ಎಪಿನೆಫ್ರಿನ್, ಪೆಥಿಡಿನ್ ಮೆಪೆರಿಡಿನ್. ದಿನಾ ಕೈಯಲ್ಲಿ ಹಿಡಿಯುವ ಔಷಧಿಯೇ ಪರೀಕ್ಷೆಯಲ್ಲಿ ವೇಷ ಹಾಕಿಕೊಂಡು ಬಂದು ನಿಂತರೆ ಗುರುತು ಸಿಗಬೇಕಲ್ಲ. ಇನ್ನೊಂದು ಹಾಳೆ ಊಟದ್ದು. ಪೊಟ್ಯಾಸಿಯಂ ಹೆಚ್ಚಿರುವ ಆಹಾರ ಅಂದರೆ ಅಮೆರಿಕದ ಪುಸ್ತಕ ಕ್ಯಾಂಟಲೂಪ್ ಹಣ್ಣು, ಬೇಯಿಸಿದ ಆಲೂಗಡ್ಡೆ ಅನ್ನುತ್ತದೆ. ಡಯಾಲಿಸಿಸ್ ಘಟಕದಲ್ಲಿರುವ ಶಿರಸಿಯ ಹುಡುಗಿ ಅದರ ಪಕ್ಕದಲ್ಲೇ ‘ಎಳನೀರು!!!’ ಅಂತ ಮೂರು ಉದ್ಗಾರ ಚಿಹ್ನೆ ಹಾಕಿ ಬರೆದಿದ್ದಾಳೆ. ಕಿಡ್ನಿ ಕೈಕೊಟ್ಟವರಿಗೆ ಪ್ರೀತಿಯಿಂದ ಎಳನೀರು ತಂದುಕೊಡುವ ನೆಂಟರ ಜೊತೆ ಅವಳದು ದಿನನಿತ್ಯದ ಯುದ್ಧ. ವಾರ್ಫರಿನ್ ತೆಗೆದುಕೊಳ್ಳುವವರು ಮಿತಿಯಲ್ಲಿಡಬೇಕಾದ ಕೇಲ್ ಸೊಪ್ಪನ್ನು ಇವರಲ್ಲಿ ಯಾರೂ ತಿಂದವರಲ್ಲ. ಬದಿಯಲ್ಲಿ ‘ನುಗ್ಗೆ ಸೊಪ್ಪು’ ಎಂದಿದೆ. ಕ್ಯಾಂಟಲೂಪ್ ಅಂದರೆ ಕರಬೂಜದ ತಂಗಿ ಎಂದು ಗೊತ್ತಾಗಲು ಮೂರು ತಿಂಗಳು ಹಿಡಿಯಿತಂತೆ.

ಕೋಟ್ಟಯಂ ಹುಡುಗಿಯ ಸರದಿ ಬಂದಾಗ ನೋಟ ಬೇರೆಯೇ. ಬಸುರಿನ ರಕ್ತದೊತ್ತಡಕ್ಕೆ ಮೆಗ್ನೀಸಿಯಂ ಸಲ್ಫೇಟ್ ಹಾಕಿದಾಗ ಏನು ನೋಡಬೇಕು ಅಂತ ಕೇಳಿದರೆ ಅವಳು ಬಾಯಿಂದ ಹೇಳಲಿಲ್ಲ. ನನ್ನ ಅಕ್ಕನ ಮಗಳನ್ನು ಕುರ್ಚಿಯ ಮೇಲೆ ಕೂರಿಸಿ ಅಂಗೈ ಅಂಚಿನಿಂದ ಮಂಡಿಯ ಕೆಳಗೆ ಒಂದು ತಟ್ಟು ತಟ್ಟಿದಳು. ಕಾಲು ಮೇಲೆ ಹಾರಿತು. ‘ಹಾರಿದ್ರೆ ಸರಿ. ಹಾರಲಿಲ್ಲ, ಉಸಿರು ನಿಮಿಷಕ್ಕೆ ಹನ್ನೆರಡಕ್ಕಿಂತ ಕಮ್ಮಿ, ಮೂತ್ರ ಗಂಟೆಗೆ ಮೂವತ್ತು ಎಂಎಲ್‌ಗಿಂತ ಕಮ್ಮಿ ಅಂದ್ರೆ ಡ್ರಿಪ್ ನಿಲ್ಸು, ಕ್ಯಾಲ್ಸಿಯಂ ಗ್ಲೂಕೋನೇಟ್ ರೆಡಿ ಇಟ್ಕೋ.’ ಐದು ಜನರೂ ಒಬ್ಬೊಬ್ಬರಾಗಿ ಕೂತು ತಟ್ಟಿಸಿಕೊಂಡರು. ನಾನೂ. ನನ್ನ ಕಾಲು ತಡವಾಗಿ ಹಾರಿತು, ವಯಸ್ಸು ಅಂದರು.

ನರ್ಸುಗಳಿಗೆ ಪರೀಕ್ಷೆ ಇಟ್ಟು ಹೆಸರು ದಾಖಲಿಸಬೇಕೋ ಬೇಡವೋ ಅನ್ನುವುದೇ ಒಂದು ಕಾಲಕ್ಕೆ ದೊಡ್ಡ ಜಗಳವಾಗಿತ್ತು. ಮನೆಗೆ ಬಂದು ಹಳೆಯ ಕತ್ತರಿಕೆಗಳನ್ನು ಹರವಿಕೊಂಡು ಕೂತಾಗ ನನಗೆ ಖುಷಿ ಕೊಟ್ಟ ಸಂಗತಿ ಇದು: ಬೇಡ ಅಂದವರಲ್ಲಿ ಮುಂಚೂಣಿಯಲ್ಲಿದ್ದವರು ಸ್ವತಃ ಫ್ಲಾರೆನ್ಸ್ ನೈಟಿಂಗೇಲ್. ಒಳ್ಳೆಯ ನರ್ಸಿನ ಗುಣ ಪರೀಕ್ಷೆಗೆ ಸಿಗುವಂಥದ್ದಲ್ಲ ಅನ್ನುವುದು ಅವರ ಹಟ. 1887ರಲ್ಲಿ ಬ್ರಿಟಿಷ್ ನರ್ಸಸ್ ಅಸೋಸಿಯೇಷನ್ ಕಟ್ಟಿದ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎದುರು ಪಕ್ಷ. ಇವರ ಜಗಳ ಇಂಗ್ಲೆಂಡಿನಲ್ಲಿ ನಡೆಯುತ್ತಿರುವಾಗಲೇ ನ್ಯೂಜಿಲೆಂಡ್ 1901ರಲ್ಲಿ ಕಾನೂನು ಮಾಡಿ, ಮರುವರ್ಷ ಎಲೆನ್ ಡೌಹರ್ಟಿ ಎಂಬುವರ ಹೆಸರನ್ನು ಮೊದಲನೆಯದಾಗಿ ದಾಖಲಿಸಿಯೇಬಿಟ್ಟಿತು. ಬ್ರಿಟನ್ನಿಗೆ ಕಾನೂನು ಬಂದಿದ್ದು 1919ರಲ್ಲಿ, ನೈಟಿಂಗೇಲ್ ತೀರಿಕೊಂಡು ಒಂಬತ್ತು ವರ್ಷದ ಮೇಲೆ. ಅಲ್ಲಿನ ನೋಂದಣಿ ಪುಸ್ತಕದ ಒಂದನೇ ನಂಬರು ಫೆನ್ವಿಕ್ ಅವರಿಗೇ. ನಮ್ಮಲ್ಲಿ ದೀಪ ಹಿಡಿದು ವಿದ್ಯಾರ್ಥಿನಿಯರು ಹೇಳುವ ನೈಟಿಂಗೇಲ್ ಪ್ರತಿಜ್ಞೆಯನ್ನೂ ನೈಟಿಂಗೇಲ್ ಬರೆದಿಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದ್ದು. ಮದ್ರಾಸ್ ಪ್ರಾಂತ್ಯಕ್ಕೆ ನರ್ಸುಗಳ ಕಾನೂನು 1926ರಲ್ಲಿ, ದೇಶಕ್ಕೆ ನರ್ಸಿಂಗ್ ಕೌನ್ಸಿಲ್ ಕಾಯ್ದೆ 1947ರಲ್ಲಿ, ಕರ್ನಾಟಕದ್ದು 1961ರಲ್ಲಿ. ನಮ್ಮಲ್ಲಿ ಕೋರ್ಸಿನ ಪರೀಕ್ಷೆ ಪಾಸಾದರೆ ರಾಜ್ಯದ ಕೌನ್ಸಿಲಿನಲ್ಲಿ ಹೆಸರು ಬರೆಸುವುದು, ಅಷ್ಟೆ; ಪರವಾನಗಿಗೆ ಅಂತ ಬೇರೆ ಪರೀಕ್ಷೆ ಬರೆದು ಇವರಿಗೆ ಅಭ್ಯಾಸವಿಲ್ಲ. ಅಮೆರಿಕದ ರಾಜ್ಯಗಳು 1944ರಿಂದ ಪ್ರಶ್ನೆಗಳನ್ನು ಒಂದೆಡೆ ಕೂಡಿಟ್ಟುಕೊಂಡವು. 1982ರಲ್ಲಿ ಅದಕ್ಕೆ ಎನ್‌ಕ್ಲೆಕ್ಸ್ ಎಂಬ ಹೆಸರಾಯಿತು. 1994ರ ಏಪ್ರಿಲ್‌ನಿಂದ ಕಂಪ್ಯೂಟರ್.

ಈ ಕಂಪ್ಯೂಟರ್ ಇದೆಯಲ್ಲ, ಅದರ ವರಸೆ ನನ್ನನ್ನು ಎರಡು ರಾತ್ರಿ ನಿದ್ದೆ ಮಾಡಲು ಬಿಟ್ಟಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇಲ್ಲ. ಕಡಿಮೆಯೆಂದರೆ 85 ಪ್ರಶ್ನೆ, ಹೆಚ್ಚೆಂದರೆ 150, ಐದು ಗಂಟೆ ಕಾಲಾವಕಾಶ. 85ರಿಂದ 150ರ ನಡುವೆ ಎಲ್ಲಿ ಬೇಕಾದರೂ ಪರದೆ ತಟ್ಟನೆ ಆರಿಹೋಗಬಹುದು. ಆರಿದ್ದು ಗೆದ್ದದ್ದಕ್ಕೋ ಸೋತದ್ದಕ್ಕೋ ಅಂತ ಅದು ಹೇಳುವುದಿಲ್ಲ.

ಕೆ.ಆರ್. ಮಾರುಕಟ್ಟೆಯಲ್ಲಿ ಹಳೆಯ ತಕ್ಕಡಿಯಲ್ಲಿ ತೂಗುವುದನ್ನು ನೆನಪು ಮಾಡಿಕೊಳ್ಳಿ. ಒಂದು ತಟ್ಟೆಗೆ ಕುಂಬಳಕಾಯಿ. ಇನ್ನೊಂದಕ್ಕೆ ಎರಡು ಕಿಲೋ ಬಟ್ಟು, ಮೇಲೇ ಇದೆ. ಅರ್ಧ ಕಿಲೋ ಸೇರಿಸು, ಕೆಳಗಿಳಿಯಿತು. ಅದನ್ನು ತೆಗೆದು ಇನ್ನೂರು ಗ್ರಾಂ ಹಾಕು. ಮುಳ್ಳು ನೆಟ್ಟಗೆ ನಿಲ್ಲುವವರೆಗೂ ಹಾಕು, ತೆಗೆ, ಹಾಕು. ಎನ್‌ಕ್ಲೆಕ್ಸ್ ತೂಗುವುದೂ ಹೀಗೇ. ಸರಿ ಹೇಳಿದರೆ ಮುಂದಿನ ಪ್ರಶ್ನೆ ಕೊಂಚ ಕಠಿಣ, ತಪ್ಪಿದರೆ ಕೊಂಚ ಸುಲಭ. ನಿಮ್ಮ ತೂಕ ಪಾಸಿನ ಗೆರೆಗಿಂತ ಮೇಲೋ ಕೆಳಗೋ ಅಂತ ನೂರಕ್ಕೆ 95ರಷ್ಟು ಖಾತ್ರಿಯಾದ ಕೂಡಲೇ ತಕ್ಕಡಿ ಇಳಿಸುತ್ತದೆ. ಗೆರೆಯ ಆಚೀಚೆಯಲ್ಲೇ ಓಲಾಡುವವರನ್ನು 150ರವರೆಗೂ ಎಳೆದೊಯ್ಯುತ್ತದೆ.

ಹೀಗೆ ತೂಗಿದಾಗ ಒಂದು ಸೋಜಿಗ ಆಗುತ್ತದೆ. ಗೆದ್ದವರೂ ಸೋತವರೂ ಹೆಚ್ಚುಕಡಿಮೆ ಅರ್ಧ ಪ್ರಶ್ನೆಗಳಿಗಷ್ಟೇ ಸರಿಯುತ್ತರ ಕೊಟ್ಟಿರುತ್ತಾರೆ! ಗೆದ್ದವರದು ಕಠಿಣ ಪ್ರಶ್ನೆಗಳ ಅರ್ಧ, ಸೋತವರದು ಸುಲಭ ಪ್ರಶ್ನೆಗಳ ಅರ್ಧ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಬಂದವರ ಫೋಟೊ ಪುಟ ತುಂಬ ಹಾಕುವ ನಾವು ಇದನ್ನು ಹೇಗೆ ಜೀರ್ಣಿಸಿಕೊಳ್ಳಬೇಕು? ಅಕ್ಕನ ಮಗಳು ಶಾಲೆಯುದ್ದಕ್ಕೂ ಮೊದಲ ರ‍್ಯಾಂಕಿನವಳು. ಮಾದರಿ ಪರೀಕ್ಷೆಯಲ್ಲಿ ನೂರಕ್ಕೆ 56 ಬಂದ ದಿನ ಅತ್ತಳಂತೆ. ಅದು ಒಳ್ಳೆಯ ಅಂಕ ಅಂತ ಬ್ರದರ್ ಅರ್ಧ ಗಂಟೆ ಸಮಾಧಾನ ಹೇಳಿದನಂತೆ. ಕೊನೆಗೆ ಫಲಿತಾಂಶದಲ್ಲಿ ಅಂಕವೇ ಇರುವುದಿಲ್ಲ, ಪಾಸ್ ಅಥವಾ ಫೇಲ್, ಅಷ್ಟೇ. ರ‍್ಯಾಂಕ್ ಇಲ್ಲದ ಪರೀಕ್ಷೆಯಾದ್ದರಿಂದಲೇ ಈ ಐವರು ಒಬ್ಬರಿಗೊಬ್ಬರು ಏನನ್ನೂ ಬಚ್ಚಿಡದೆ ಓದುತ್ತಿದ್ದಾರೆ ಅನ್ನುವುದು ನನ್ನ ಗುಮಾನಿ. ಪಕ್ಕದವಳು ಪಾಸಾದರೆ ನನಗೇನೂ ಕಳೆಯುವುದಿಲ್ಲವಲ್ಲ. ನೋಟ್ಸನ್ನು ತಲೆದಿಂಬಿನ ಕೆಳಗೆ ಬಚ್ಚಿಟ್ಟುಕೊಂಡು ಓದಿದ ಹಾಸ್ಟೆಲಿನ ದಿನಗಳು ನನಗೆ ಇನ್ನೂ ನೆನಪಿವೆ.

ಅಂದು ಚಾಪೆಯ ಮೂಲೆಯಲ್ಲಿ ಅರಕಲಗೂಡು ಕಡೆಯ ಹುಡುಗಿ ಒಬ್ಬಳೇ ಪುಸ್ತಕವಿಲ್ಲದೆ ಕೂತಿದ್ದಳು. ಅವಳು ಶುಕ್ರವಾರವಷ್ಟೇ ಪರೀಕ್ಷೆ ಬರೆದು ಬಂದಿದ್ದಳು. 85ಕ್ಕೆ ಪರದೆ ಆರಿತ್ತು. ಏನು ಬಂತು ಅಂತ ನಾನು ಕೇಳಿದೆ, ಎಲ್ಲರೂ ನನ್ನ ಮೇಲೆ ಬಿದ್ದರು. ಪ್ರಶ್ನೆ ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಗೆ ಕೊಟ್ಟೇ ಒಳಗೆ ಹೋಗಬೇಕು. ಹೇಳಿದರೆ ಫಲಿತಾಂಶಕ್ಕೇ ಕುತ್ತು. ಈ ಗುಂಪಿನಲ್ಲಿ ಅದು ಮಡಿಯಷ್ಟೇ ಕಟ್ಟುನಿಟ್ಟು. ಫಿಲಿಪೀನ್ಸಿನ ಕಥೆ ಇವರಿಗೆಲ್ಲ ಗೊತ್ತು. 2006ರ ಜೂನ್‌ನಲ್ಲಿ ಅಲ್ಲಿನ ನರ್ಸಿಂಗ್ ಪರೀಕ್ಷೆಯ ಎರಡು ಪತ್ರಿಕೆಗಳ ಪ್ರಶ್ನೆಗಳು ಕೋಚಿಂಗ್ ಸೆಂಟರುಗಳ ಮೂಲಕ ಸೋರಿದವು. ಮರುವರ್ಷ, ವಿದೇಶಿ ನರ್ಸುಗಳ ದಾಖಲೆ ಪರಿಶೀಲಿಸುವ ಅಮೆರಿಕದ ಸಂಸ್ಥೆ ಸಿಜಿಎಫ್‌ಎನ್‌ಎಸ್, ಆ ಸಲ ಪಾಸಾದವರು ಆ ಎರಡು ಪತ್ರಿಕೆಗಳನ್ನು ಮತ್ತೆ ಬರೆಯದೆ ವೀಸಾಗೆ ಬೇಕಾದ ಪ್ರಮಾಣಪತ್ರ ಕೊಡುವುದಿಲ್ಲ ಅಂದಿತು. ಸೋರಿಕೆಗೆ ಕೈ ಹಾಕದವರ ತಲೆಯ ಮೇಲೂ ಅದೇ ಕಲ್ಲು ಬಿತ್ತು. ಹಾಗಾಗಿ ಅರಕಲಗೂಡಿನವಳು ಹೇಳಿದ್ದು ಇಷ್ಟೇ: ಅಂಗೈಯ ನರಗಳನ್ನು ಯಂತ್ರದ ಮೇಲೆ ಇಟ್ಟು ಗುರುತು ತೆಗೆದುಕೊಳ್ಳುತ್ತಾರೆ, ಕಾಗದ ಇಲ್ಲ, ಅಳಿಸಿ ಬರೆಯುವ ಹಲಗೆ ಕೊಡುತ್ತಾರೆ, ಎಸಿ ವಿಪರೀತ.

ಫಲಿತಾಂಶ ಎರಡು ಕೆಲಸದ ದಿನಗಳ ಮೇಲೆ, ಅದೂ ಅನಧಿಕೃತವಾಗಿ, ಬೇರೆ ಶುಲ್ಕ ಕಟ್ಟಿದರೆ. ನಡುವೆ ಶನಿವಾರ, ಭಾನುವಾರ. ಈ ಬಿಡುವಿನಲ್ಲಿ ಹುಟ್ಟಿಕೊಂಡಿರುವುದೇ ಜಗತ್ತಿನ ನರ್ಸುಗಳೆಲ್ಲ ನಂಬುವ ‘ಟ್ರಿಕ್ಕು’. ಪರೀಕ್ಷೆ ಬರೆದು ಬಂದ ಮೇಲೆ ಅದೇ ಪರೀಕ್ಷೆಗೆ ಮತ್ತೆ ಹೆಸರು ನೋಂದಾಯಿಸಲು ಹೋಗಬೇಕು. ‘ನೀವು ಈಗಷ್ಟೇ ಬರೆದಿದ್ದೀರಿ, ಮತ್ತೆ ನೋಂದಣಿ ಆಗದು’ ಅಂತ ಪರದೆ ತಡೆದರೆ ಪಾಸು. ಹಣ ಕಟ್ಟಿ ಅಂತ ಕಾರ್ಡಿನ ನಂಬರು ಕೇಳಿ ಮುಂದೆ ಬಿಟ್ಟರೆ ಫೇಲು. ಅಪಾಯ ಏನೆಂದರೆ ಕಾರ್ಡಿನಲ್ಲಿ ದುಡ್ಡಿದ್ದರೆ ಇನ್ನೂರು ಡಾಲರ್ ಹೋಗಿಯೇಬಿಡಬಹುದು. ಭಾರತದಲ್ಲಿ ಬರೆಯುವವರಿಗೆ ಅದರ ಮೇಲೆ ನೂರೈವತ್ತು ಡಾಲರ್ ಹೆಚ್ಚುವರಿ ಬೇರೆ ಇದೆ. ಆದ್ದರಿಂದ ಖಾಲಿ ಕಾರ್ಡು ಬಳಸಬೇಕು ಅನ್ನುವುದು ಉಪಶಾಸ್ತ್ರ. ಪರೀಕ್ಷೆ ನಡೆಸುವವರು ಇದನ್ನು ನಂಬಬೇಡಿ ಅಂತಲೇ ಹೇಳುತ್ತಾರೆ. ನನಗೂ ಇದು ಹಲ್ಲಿ ಲೊಚಗುಟ್ಟಿದ ದಿಕ್ಕು ನೋಡುವಂತೆಯೇ ಕಾಣುತ್ತದೆ. ಬ್ರದರಂತೂ ಕೆಂಡ: ‘ಸೈಲೆಂಟ್ ಚೆಸ್ಟ್‌ಗೆ ಯಾಕ ಅಂತ ಕೇಳ್ತೀರಿ, ಇದಕ್ಕ ಯಾಕ ಅಂತ ಕೇಳಂಗಿಲ್ಲೇನು?’ ಅಂದ. ಆದರೂ ಯಾರಿಗೆ ಆ ಪರದೆ ಬಂತು, ಯಾರಿಗೆ ಬರಲಿಲ್ಲ, ಬಂದೂ ಯಾರು ಫೇಲಾದರು ಎಂಬ ಚರ್ಚೆ ನಲವತ್ತು ನಿಮಿಷ ನಡೆಯಿತು. ಆ ಹೊತ್ತಿನಲ್ಲಿ ಐದು ಪ್ರಶ್ನೆ ಮುಗಿಯುತ್ತಿತ್ತು. ನಾನೇ ಅದನ್ನು ಕೆದಕಿದ್ದು ಅನ್ನುವುದನ್ನೂ ಒಪ್ಪಿಕೊಳ್ಳಬೇಕು.

ಪಾಸಾದ ಮೇಲೂ ಹಾದಿ ಉದ್ದವೇ. ಅಮೆರಿಕದ ಗ್ರೀನ್ ಕಾರ್ಡ್ ಸರದಿಯಲ್ಲಿ ಭಾರತದಲ್ಲಿ ಹುಟ್ಟಿದ ನರ್ಸುಗಳು ಹತ್ತು ವರ್ಷಕ್ಕೂ ಹಿಂದೆ ನಿಂತಿದ್ದಾರೆ. ಅದಕ್ಕೇ ಇವರಲ್ಲಿ ಮೂವರ ಕಣ್ಣು ಆಸ್ಟ್ರೇಲಿಯದ ಮೇಲೆ. ಅಲ್ಲಿಗಾದರೆ ಎನ್‌ಕ್ಲೆಕ್ಸ್ ನಂತರ ಆ ದೇಶಕ್ಕೇ ಹೋಗಿ, ನಟರನ್ನೂ ಗೊಂಬೆಗಳನ್ನೂ ರೋಗಿಯೆಂದು ನೋಡಿಕೊಳ್ಳುವ ಕೈಕೆಲಸದ ಪರೀಕ್ಷೆ ಕೊಡಬೇಕು. ಇಲ್ಲಿ ಬೆಳೆಸಿ ಅಲ್ಲಿಗೆ ಕಳಿಸುವುದರ ಬಗ್ಗೆ ನಾನೇ ಈ ಪುರವಣಿಯಲ್ಲಿ ಹಿಂದೊಮ್ಮೆ ಕಟುವಾಗಿ ಬರೆದಿದ್ದೆ. ಚಾಪೆಯ ಮೇಲೆ ಕೂತು ಅದನ್ನು ಮತ್ತೆ ಹೇಳಲು ಬಾಯಿ ಬರಲಿಲ್ಲ. ಬ್ರದರ್ ಮಾತ್ರ ಹೋಗುವುದಿಲ್ಲವಂತೆ. ಅಪ್ಪನಿಗೆ ವಯಸ್ಸಾಗಿದೆ, ಹೊಲ ನೋಡುವವರಿಲ್ಲ. ಮತ್ತೆ ಯಾಕೆ ಓದುತ್ತೀಯ ಅಂದೆ. ‘ಹಿಂಗ ವಿಚಾರ ಮಾಡೋದು ನಮಗ್ಯಾರೂ ಕಲಿಸಿದ್ದಿಲ್ರಿ ಅಕ್ಕಾರೆ’ ಅಂದ. ಈಗ ರಾತ್ರಿ ಪಾಳಿಯಲ್ಲಿ ಫೋನು ಎತ್ತುವ ಮೊದಲು ಎದೆ ಕೇಳುತ್ತಾನಂತೆ; ಡ್ಯೂಟಿ ಡಾಕ್ಟರು ನಿದ್ದೆಗಣ್ಣಿನಲ್ಲಿ ರೇಗಿದರೂ ಇವನ ಹತ್ತಿರ ಹೇಳಲಿಕ್ಕೆ ನಾಲ್ಕು ಸಂಗತಿ ಇರುತ್ತವೆ.

ಎರಡು ಗಂಟೆಗೆ ಬಾಟಲಿ ಬಗ್ಗಿಸಿ ಎಣಿಸಿದರು. 340 ರೂಪಾಯಿ. ಅದರಲ್ಲಿ ಹತ್ತು ನನ್ನದು: ಪ್ರಶ್ನೆಯೊಂದಕ್ಕೆ ಮಧ್ಯೆ ‘ಡಾಕ್ಟರಿಗೆ ತಿಳಿಸ್ಬೇಕು’ ಅಂತ ಬಾಯಿ ಹಾಕಿದ್ದೆ. ಗೋಬಿ ಮಂಚೂರಿ ತರಲು ಇಬ್ಬರು ಹೊರಟರು, ಮಧ್ಯಾಹ್ನದ ಡ್ಯೂಟಿಯವಳು ಯೂನಿಫಾರಂ ಇಸ್ತ್ರಿಗೆ ಕೂತಳು. ನಾನು ಖಾಲಿ ಡಬ್ಬ ತೆಗೆದುಕೊಂಡು ಮೆಟ್ಟಿಲಿಳಿದೆ. ಹಿಂದಿನಿಂದ ಚಪ್ಪಲಿಯ ಸದ್ದು. ಅರಕಲಗೂಡಿನ ಹುಡುಗಿ ಮೊಬೈಲ್ ಹಿಡಿದುಕೊಂಡು ಓಡಿಬಂದಳು, ಮೇಲೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

‘ಆಂಟಿ, ತಪ್ಪು ತಿಳ್ಕೋಬೇಡಿ. ನಿಮ್ಮ ಹತ್ರ ದುಡ್ಡಿಲ್ಲದ ಕಾರ್ಡ್ ಏನಾದ್ರೂ ಇದೆಯಾ?’

ತಿಂಗಳ ಇಪ್ಪತ್ತೇಳನೇ ತಾರೀಖು. ನನ್ನ ಪರ್ಸಿನಲ್ಲಿ ಅಂಥವು ಎರಡಿದ್ದವು.